ಮನೆಯವರು ಕುಡಿಯುವ ಕೊಡದಿಂದ

ಅವರು ನೀರು ಕೇಳುವ ರೀತಿಯನ್ನು ಇವತ್ತಿಗೂ ನಾನು ಮಾಡಿ ತೋರಿಸಬಲ್ಲೆ. ನಮ್ಮ ಮನೆಯ ಮೊಮ್ಮಕ್ಕಳಿಗೆ ಅದೊಂದು ಆಟವೇ ಆಗಿದೆ. ಹೊಸ್ತಿಲ ಹೊರಗೆ ನಿಲ್ಲಬೇಕು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಬೇಕು, ಒಂದು ಸಲ ಮೆಲ್ಲಗೆ ಕೆಮ್ಮಬೇಕು. ಆಮೇಲೆ, "ಅವ್ವಾರ, ಒಂದು ಚೊಂಬು ನೀರು ಸಿಗ್ತದೇನ್ರಿ?" ಎನ್ನಬೇಕು. ಆ ದನಿಯಲ್ಲಿ ದಾಹಕ್ಕಿಂತ ಸಂಕೋಚ ಜಾಸ್ತಿ ಇರಬೇಕು. ಒಲೆಯ ಮುಂದೆ ಕೂತ ಹೆಂಗಸು ರೊಟ್ಟಿ ಸೀದರೂ ಸೀಯಲಿ ಎಂದು ಎದ್ದು ಬರುವಷ್ಟು ಸಂಕೋಚ. ಅವರಷ್ಟು ಚೆನ್ನಾಗಿ ನೀರು ಕೇಳುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಹೆಸರು ಹೇಳುವುದಿಲ್ಲ. ತಮ್ಮ ಹೆಸರು ಎಲ್ಲೂ ಅಚ್ಚಾಗಬಾರದೆಂಬುದು ಅವರದೇ ಮಾತು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೂ ಆ ಮಾತನ್ನು ಮೀರಲು ನನಗೆ ಧೈರ್ಯವಿಲ್ಲ. ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ಕಂಪೌಂಡರಾಗಿದ್ದು ನಿವೃತ್ತರಾದ ಮೇಲೆ, ರಾಯದುರ್ಗದ ಬೆಟ್ಟದ ಬುಡದಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದರು. ಸಂಘ ಎಂದರೆ ಒಂದು ಕೋಣೆ, ಒಂದು ಬೆಂಚು, ಗೋಡೆಯ ಗೂಟಗಳಿಗೆ ನೇತುಹಾಕಿದ ಒಂದಷ್ಟು ಬಟ್ಟೆ ತುಂಡುಗಳು, ಮತ್ತು ಅವರು. ಅಧ್ಯಕ್ಷರೆಂದು ಹಳೆಯ ಪೋಸ್ಟ್‌ಮಾಸ್ತರರೊಬ್ಬರಿದ್ದರು. ಅವರು ಯಾವಾಗಲಾದರೊಮ್ಮೆ ಬಂದು ಬೆಂಚಿನ ಮೇಲೆ ಕೂತು, "ನಡೀಲ್ರಿ, ನಡೀಲಿ" ಎಂದು ಹೇಳಿ ಎದ್ದುಹೋಗುತ್ತಿದ್ದರು.

ಸಂಘದ ಕೆಲಸ ಒಂದೇ, ನಾರುಹುಣ್ಣು ಓಡಿಸುವುದು. ಈಗಿನವರಿಗೆ ನಾರುಹುಣ್ಣು ಎಂದರೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ಮದರಾಸು ಪ್ರಾಂತ್ಯದ ಆ ಕಾಲದಲ್ಲಿ, ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗದಲ್ಲೂ ಅನಂತಪುರ ಜಿಲ್ಲೆಗೆ ಸೇರಿದ್ದ ನಮ್ಮ ಮಡಕಶಿರದಲ್ಲೂ ಬೇಸಿಗೆ ಬಂತೆಂದರೆ ಊರೂರಿನಲ್ಲಿ ಜನ ಕಾಲು ಚಾಚಿ ಮಲಗುತ್ತಿದ್ದರು. ಮೊದಲು ಪಾದದ ಹತ್ತಿರ ಬೊಬ್ಬೆ ಏಳುತ್ತಿತ್ತು, ಅದು ಒಡೆದರೆ ಒಳಗಿಂದ ಬಿಳಿ ದಾರದಂಥ ಹುಳ ಇಣುಕುತ್ತಿತ್ತು. ಎಳೆದರೆ ತುಂಡಾಗಿ ಕಾಲು ಕೊಳೆಯುತ್ತದೆ. ಹಾಗಾಗಿ ಒಂದು ಕಡ್ಡಿಗೆ ದಿನಕ್ಕೆ ಇಷ್ಟಿಷ್ಟೇ ಸುತ್ತುತ್ತಾ ವಾರಗಟ್ಟಲೆ ಕೂರಬೇಕು. ಬೊಬ್ಬೆ ಉರಿಯುತ್ತದೆಂದು ಆ ಕಾಲನ್ನೇ ಮೆಟ್ಟಿಲು ಬಾವಿಯ ನೀರಿಗೆ ಇಳಿಸಿ ಕೊಡ ತುಂಬುತ್ತಾರೆ. ಹುಳ ಅಲ್ಲಿ ಮರಿ ಹಾಕುತ್ತದೆ, ಆ ಮರಿ ಕಣ್ಣಿಗೂ ಸರಿಯಾಗಿ ಕಾಣದ ನೀರುಚಿಗಟದ ಹೊಟ್ಟೆ ಸೇರುತ್ತದೆ. ಆ ನೀರನ್ನು ಹಾಗೇ ಕುಡಿದವರ ಕಾಲಲ್ಲಿ ವರ್ಷ ತುಂಬಿದ ಮೇಲೆ ಮತ್ತೆ ನಾರು. ಕುಡಿದದ್ದು ಇವತ್ತು, ಕಾಣುವುದು ಬರುವ ವರ್ಷ. ಹಾಗಿರುವಾಗ ನೀರಿನ ಮೇಲೆ ಯಾರು ತಾನೇ ಅನುಮಾನ ಪಡುತ್ತಾರೆ? ದೇವರ ಮುನಿಸು ಎಂದುಕೊಂಡಿದ್ದರು.

ಎರಡು ಮಡಿಕೆ ಬಟ್ಟೆಯಲ್ಲಿ ನೀರು ಸೋಸಿ ಕುಡಿದರೆ ಇಷ್ಟೂ ರಗಳೆ ಇಲ್ಲ. ಅವರು ಹೇಳುತ್ತಿದ್ದದ್ದು ಇಷ್ಟೇ. ತಪ್ಪಾಯಿತು, ಹೇಳುತ್ತಿರಲಿಲ್ಲ. ಅದೇ ಅವರ ವಿಶೇಷ.

ನಾನು ಆಗ ಇಂಟರ್‌ಮೀಡಿಯೆಟ್ ಮೊದಲ ವರ್ಷ ಮುಗಿಸಿದ್ದೆ. ರಜೆಯಲ್ಲಿ ಏನಾದರೂ ದೇಶಸೇವೆ ಮಾಡಿ ಎಂದು ನಮ್ಮ ಮೇಷ್ಟ್ರೊಬ್ಬರು ಆ ಸಂಘದ ವಿಳಾಸ ಕೊಟ್ಟರು. ಮೂರು ಪುಟದ ಕಾಗದ ಬರೆದೆ, ಅದರ ತುಂಬಾ ದೇಶ, ತ್ಯಾಗ, ತಾರುಣ್ಯ. ಒಂದು ಕಾರ್ಡಿನಲ್ಲಿ ಉತ್ತರ ಬಂತು: "ಬರ್ರಿ. ಚಪ್ಪಲಿ ಗಟ್ಟಿ ಇರಲಿ." ಆ ಕಾರ್ಡು ಹಿಡಿದುಕೊಂಡು ಹಾಸ್ಟೆಲಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದದ್ದು ನೆನಪಿದೆ. ಹದಿನೆಂಟರ ಹುಮ್ಮಸ್ಸು ಎಂದರೆ ಏನು ಕಡಿಮೆಯೇ!

ಅವರು ಎಲ್ಲರಿಗೂ "ರಿ" ಹಚ್ಚಿ ಮಾತಾಡುತ್ತಿದ್ದರು. ನನಗೂ, ಕುರಿಮಂದೆ ಅಡ್ಡಬಂದರೆ ಕುರಿಗಳಿಗೂ. "ಸರೀರಿ, ಸ್ವಲ್ಪ ದಾರಿ ಬಿಡ್ರಿ" ಎಂದು ಅವರು ಟಗರಿಗೆ ಕೈಮುಗಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಡಿಗೆ ಮಾತ್ರ ಕುದುರೆಯದು. ಬೆಳುಗುಪ್ಪದ ದಾರಿಯಲ್ಲಿ ಅವರ ಹಿಂದೆ ಓಡಿ ಓಡಿ ನನ್ನ ಗಟ್ಟಿ ಚಪ್ಪಲಿಯ ಉಂಗುಷ್ಟ ಎರಡನೆಯ ದಿನವೇ ಕಿತ್ತುಹೋಯಿತು. ನೀರು ಕುಡಿಯಲು ಅವರು ಯಾವ ಮನೆ, ಯಾವ ಕೇರಿ ಎಂದು ನೋಡುತ್ತಿರಲಿಲ್ಲ. ಅದಕ್ಕಾಗಿ ರಾಯದುರ್ಗದಲ್ಲಿ ಅವರ ಸ್ವಂತ ಅಣ್ಣನ ಮನೆಯಲ್ಲೇ ಅವರಿಗೆಂದು ಬೇರೆ ಲೋಟ ಇಟ್ಟಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಲೋಟವನ್ನು ಹೊರಗಿನ ಗೂಡಿನಿಂದ ತೆಗೆದುಕೊಟ್ಟರು. ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ನಮ್ಮಣ್ಣಾರು ಭಾಳ ಬೆಳಗಿಸ್ಯಾರ್ರೀ ಇದನ್ನ" ಎಂದು ನಕ್ಕರು. ನನಗೆ ಮಾತ್ರ ಮೈ ಉರಿದುಹೋಯಿತು.

ಕೆಲಸ ಮಾಡುತ್ತಿದ್ದ ಬಗೆ ಹೀಗೆ. ನೀರು ಕೇಳುವುದು, ಚೊಂಬು ಬಂದ ಕೂಡಲೇ ಹೆಗಲ ಮೇಲಿನ ಬಟ್ಟೆ ತೆಗೆದು, "ತಪ್ಪು ತಿಳೀಬ್ಯಾಡ್ರಿ ಅವ್ವಾರ, ಸೋಸಿದ ನೀರಷ್ಟ ಕುಡ್ಯಾದು ನಮ್ಮ ಮನೆತನದ ನೇಮ" ಎನ್ನುವುದು. ಕೊಟ್ಟ ನೀರನ್ನು ಎದುರಿಗೇ ಸೋಸಿದರೆ ಯಾವ ಮನೆಯವರಿಗಾದರೂ ಅವಮಾನವೇ. ಆದರೆ ನೇಮ ಎಂದ ಮೇಲೆ ಮುಗಿಯಿತು. ನಮ್ಮ ಜನ ಇನ್ನೊಬ್ಬರ ನೇಮ ಕೆಡಿಸಿದ ಪಾಪ ಕಟ್ಟಿಕೊಳ್ಳುವುದಿಲ್ಲ. ಅವರೇ ಓಡಿ ಬಂದು ಬಟ್ಟೆಯ ಅಂಚು ಹಿಡಿಯುತ್ತಿದ್ದರು.

"ನಿಜವಾಗ್ಲೂ ನಿಮ್ಮ ಮನೆತನದ ನೇಮವಾ ಸಾರ್?" ಎಂದು ಕೇಳಿದೆ.

"ನನ್ನಿಂದ ಸುರು ಆದ್ರೂ ಮನೆತನದ್ದ ಅಲ್ಲೇನ್ರಿ?" ಎಂದರು.

ಮೂರನೆಯ ವಾರ ನನ್ನನ್ನು ಒಬ್ಬನನ್ನೇ ರೊಳ್ಳದ ಹತ್ತಿರದ ಒಂದು ಹಳ್ಳಿಗೆ ಕಳಿಸಿದರು. ನಮ್ಮ ಕಡೆಯ ಊರು, ನಮ್ಮ ಕಡೆಯ ಮಾತು. ಹೋಗಿ ನೋಡಿದರೆ ಜಗಲಿ ಜಗಲಿಯ ಮೇಲೂ ಕಾಲು ಚಾಚಿಕೊಂಡವರು. ಉಳುವ ಗಂಡಸರು, ಕೊಡ ಹೊರುವ ಹೆಂಗಸರು, ಎಲ್ಲರ ಕಾಲಿಗೂ ಎಲೆ ಕಟ್ಟಿದೆ, ಕಡ್ಡಿ ಸಿಕ್ಕಿಸಿದೆ. ಬಿತ್ತನೆಗೆ ಎರಡು ತಿಂಗಳಿಲ್ಲ. ಹೋದ ವರ್ಷ ಮಳೆ ಬಂದರೂ ಬಿತ್ತಲು ಎದ್ದು ನಿಲ್ಲುವವರಿರಲಿಲ್ಲವಂತೆ. ಹುಳ ಸುತ್ತುವುದರಲ್ಲಿ ನಿಸ್ಸೀಮಳಾದ ಅಜ್ಜಿಯೊಬ್ಬಳು ಮನೆಯಿಂದ ಮನೆಗೆ ತಿರುಗುತ್ತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಾಲು ಸರಿಯಾಗೈತಲ್ಲಪ್ಪ, ನನ್ನತ್ರ ಯಾಕ್ ಬಂದೆ?" ಎಂದು ಕೇಳಿದಳು.

ನಾನು ಅವರು ಮಾಡಿದ ಹಾಗೆಯೇ ಮಾಡಿದೆ. ಕೆಮ್ಮಿದೆ, ಸಂಕೋಚಪಟ್ಟೆ, ನೇಮ ಎಂದೆ. ಅಬ್ಬಾ, ಆ ಊರು ನನ್ನನ್ನು ಹೇಗೆ ನೋಡಿಕೊಂಡಿತು! ನಾಲ್ಕು ದಿನದಲ್ಲಿ ನಾನು "ಮರಿಸಾಮಿ" ಆದೆ. ಯಾವ ಮನೆಗೆ ಹೋದರೂ ಸೋಸಿದ ನೀರು ಸಿದ್ಧ. ಹಿಗ್ಗಿ ಹೀರೇಕಾಯಾಗಿ ರಾಯದುರ್ಗಕ್ಕೆ ಕಾಗದ ಬರೆದೆ: "ಊರು ಗೆದ್ದೆ. ಪ್ರತಿ ಮನೆಯಲ್ಲೂ ಸೋಸುತ್ತಿದ್ದಾರೆ."

ಕಾಗದ ತಲುಪಿದ ಎರಡೇ ದಿನಕ್ಕೆ ಕಲ್ಯಾಣದುರ್ಗದ ಬಸ್ಸು ಹಿಡಿದು, ಅಲ್ಲಿಂದ ಗಾಡಿ, ಅಲ್ಲಿಂದ ನಡಿಗೆ ಎಂದು ಅವರೇ ಬಂದುಬಿಟ್ಟರು. ನಾನು ಮೆರವಣಿಗೆ ಮಾಡುವವನಂತೆ ಮೊದಲ ಮನೆಗೆ ಕರೆದುಕೊಂಡು ಹೋದೆ. ನೀರು ಕೇಳಿದರು. ಆ ಮನೆಯಾಕೆ ಸಂಭ್ರಮದಿಂದ ಮೂಲೆಗೆ ಹೋದಳು.

"ಮರಿಸಾಮಿ ನೇಮದ ಕೊಡ ಬ್ಯಾರೆ ಮಡಗಿದೀವಿ ಅಯ್ನೋರೆ. ಮಕ್ಳುನ್ನೂ ಮುಟ್ಟಕ್ಕೆ ಬಿಟ್ಟಿಲ್ಲ" ಎಂದಳು.

ಮೂಲೆಯಲ್ಲಿ ಅರಿಶಿನ ಕುಂಕುಮ ಹಚ್ಚಿದ ಪುಟ್ಟ ಕೊಡ. ಅದರ ಬಾಯಿಗೆ ಬಟ್ಟೆ. ಈಚೆ ಮನೆಯವರ ದೊಡ್ಡ ಕೊಡ, ಬಾವಿಯಿಂದ ತಂದದ್ದು ತಂದ ಹಾಗೆಯೇ. ಅದರಿಂದ ಒಂದು ಮಗು ಗಟಗಟ ಕುಡಿಯುತ್ತಿತ್ತು. ಪ್ರತಿ ಮನೆಯಲ್ಲೂ ಇದೇ ಕಥೆ. ಊರಿಗೆ ಊರೇ ಸೋಸುತ್ತಿತ್ತು, ನನ್ನೊಬ್ಬನಿಗಾಗಿ! ಭೂಮಿ ಬಾಯಿಬಿಟ್ಟಿದ್ದರೆ ನಾನು ಆ ಕ್ಷಣವೇ ಒಳಗೆ ಹೋಗುತ್ತಿದ್ದೆ.

ಅವರು ಬೈಯಲಿಲ್ಲ. ಆ ಪುಟ್ಟ ಕೊಡಕ್ಕೆ ಕೈಮುಗಿದರು. ಆಮೇಲೆ ಮೆಲ್ಲಗೆ, "ಅವ್ವಾರ, ಈ ಹುಡುಗಗ ನೇಮ ಅರ್ಧಾನ ಹೇಳಿಕೊಟ್ಟಿದ್ದೆ ನೋಡ್ರಿ. ಇನ್ನರ್ಧ ಐತಿ. ನಮಗ ಬ್ಯಾರೆ ಕೊಡ ನಡಿಯಂಗಿಲ್ರಿ. ಮನಿಮಂದಿ ಕುಡಿಯೋ ಕೊಡದಾಗಿಂದ ಕೊಟ್ರಷ್ಟ ಕುಡ್ಯಾದು" ಎಂದರು.

ಆಕೆ ಕಕ್ಕಾಬಿಕ್ಕಿಯಾದಳು. "ಅದು ಸೋಸಿಲ್ವಲ್ಲ ಸಾಮಿ!"

"ಹಂಗಾದ್ರ ಇವತ್ತ ಬ್ಯಾಡ್ರಿ. ನಾಳೆ ಬರ್ತೀನಿ. ಇಲ್ಲಾ ನಾಡಿದ್ದು. ಯಾವಾಗ ಯಾರ ಮನಿಗೆ ಬರ್ತೀನೋ ನನಗ ಗೊತ್ತಿಲ್ರಿ" ಎಂದು ಹೇಳಿ, ಬಿಸಿಲಲ್ಲಿ ಬಾಯಾರಿಕೊಂಡೇ ಹೊರಟುಬಿಟ್ಟರು.

ಅದರ ಚಮತ್ಕಾರ ನನಗೆ ಹೊಳೆದದ್ದು ಮರುದಿನ ಬೆಳಗ್ಗೆ. ಬಾಯಾರಿದವರನ್ನು ಹಾಗೇ ಕಳಿಸಿದ ಮನೆ ಎಂದು ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಯಾವ ಮನೆಗೆ ಯಾವಾಗ ಬರುತ್ತಾರೋ ಗೊತ್ತಿಲ್ಲ. ಬಂದರೆ ಮನೆಯವರ ಕೊಡವೇ ಬೇಕು. ಹಾಗಾದರೆ ಮನೆಯವರ ಕೊಡ ದಿನಾ ಸೋಸಿಯೇ ಇರಬೇಕು! ನಾನು ಜಗಲಿಯ ಮೇಲೆ ಒಬ್ಬನೇ ಕುಣಿದೆ. ಅದುವರೆಗೆ ಕಾಲೇಜಿನಲ್ಲಿ ಕಲಿತದ್ದೆಲ್ಲ ಒಂದು ತೂಕ, ಇದೊಂದು ತೂಕ ಎನ್ನಿಸಿತು.

ಊರಿನ ಮುನಸೀಬರು ಮಾತ್ರ ಸುಲಭಕ್ಕೆ ಜಗ್ಗಲಿಲ್ಲ. ಗ್ರಾಮದ ಯಜಮಾನಿಕೆ ಅವರದು. ಚಾವಡಿಗೆ ಕರೆಸಿ, "ಈ ಸೋಸೋ ಆಟ ಒಂದೊರ್ಸ ನಡೀಲಿ. ಬರೋ ಕಾರಹುಣ್ಣಿಮೆ ಬಿಟ್ಟು ಅದರ ಮುಂದಿನ ಕಾರಹುಣ್ಣಿಮೆ ದಿವ್ಸ ಎಣಿಸ್ತೀನಿ. ಒಂದೇ ಒಂದು ಕಾಲಲ್ಲಿ ನಾರು ಕಂಡ್ರೂ ನೀವು ಈ ಊರಿಗೆ ಮತ್ತೆ ಬರಬಾರ್ದು. ನಮ್ ಹೆಂಗಸ್ರಿಗೆ ಇಲ್ಲದ ಕೆಲಸ ಅಂಟಿಸಬಾರ್ದು" ಎಂದರು.

"ಆಗ್ಲಿರಿ" ಎಂದುಬಿಟ್ಟರು ಇವರು. ಹೊರಗೆ ಬಂದ ಮೇಲೆ ನಾನು ಹೌಹಾರಿದೆ. ಈಗಾಗಲೇ ಕುಡಿದವರ ಹೊಟ್ಟೆಯಲ್ಲಿರುವ ಹುಳದ ಗತಿ? "ಅವು ಮುಂದಿನ ಯುಗಾದಿ ಹಿಂದ ಮುಂದ ಬಂದು ಹೋಗ್ತಾವ್ರಿ. ಆ ಕಾರಹುಣ್ಣಿಮಿಗೆ ಕಾಣೋದು ಇನ್ನ ಮ್ಯಾಲೆ ಕುಡಿಯೋ ನೀರು" ಎಂದರು. ಆ ಒಂದು ಲೆಕ್ಕದ ಮೇಲೆ ಊರನ್ನೇ ಪಣಕ್ಕಿಟ್ಟಿದ್ದರು. ಸೋತರೆ ರೊಳ್ಳದ ಸುತ್ತಿನ ಒಂದು ಹಳ್ಳಿಯೂ ಅವರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ.

ಆ ಎರಡು ತಿಂಗಳು ನನ್ನ ಜೀವನದ ಹಬ್ಬ. ಬೆಳಗಾದರೆ ಬಾವಿಯ ಮೆಟ್ಟಿಲ ಹತ್ತಿರ ಕಾವಲು, ಹುಣ್ಣಿನ ಕಾಲಿನವರು ನೀರಿಗೆ ಇಳಿಯದಂತೆ. ಅವರ ಕೊಡ ನಾನು ತುಂಬಿಕೊಡುತ್ತಿದ್ದೆ. ಹೆಂಗಸರು ಮೊದಲು ನಕ್ಕರು, ಆಮೇಲೆ ಅವರ ಗಂಡಂದಿರೂ ನಾಚಿಕೊಂಡು ಕೊಡ ಹಿಡಿದರು. ಅಜ್ಜಿಯನ್ನು ಇವರು ಹೇಗೋ ಒಲಿಸಿಕೊಂಡರು. ನಾವು ಹೋದ ಮೇಲೆ ಮನೆಮನೆಗೂ ಹೋಗಿ ನೀರು ಕೇಳುವ ಕೆಲಸ ಅವಳದು. "ಬಿಡಿ ಅಯ್ನೋರೆ, ನಾನು ಕೇಳಿದ್ರೆ ಮಜ್ಜಿಗೇನೆ ಕೊಡಬೇಕು" ಎಂದಳು ಅಜ್ಜಿ.

ಆ ವರ್ಷದ ಕಾರಹುಣ್ಣಿಮೆ ಬಂತು. ಎತ್ತುಗಳಿಗೆ ಬಣ್ಣ ಹಚ್ಚಿ ಓಡಿಸುವ ದಿನ. ಊರೆಲ್ಲ ಮುನಸೀಬರ ಜಗಲಿಯ ಮುಂದೆ ಸೇರಿತ್ತು. ಇವರು ಎದ್ದುಹೋಗಿ ಮುನಸೀಬರ ಹೊಸ್ತಿಲ ಮುಂದೆಯೇ ನಿಂತು ಟೋಪಿ ತೆಗೆದರು! ಸೋಸದೆ ಉಳಿದಿದ್ದದ್ದು ಅದೊಂದೇ ಮನೆ. ಒಳಗಿನಿಂದ ಮುನಸೀಬರ ಹೆಂಡತಿ ಮನೆಯ ದೊಡ್ಡ ಕೊಡವನ್ನೇ ಹೊತ್ತು ತಂದು, ಎಲ್ಲರ ಎದುರಿಗೆ ಇನ್ನೊಂದು ಕೊಡಕ್ಕೆ ಬಟ್ಟೆ ಹಿಡಿದು ಸೋಸಿದರು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಜನ ಹೋ ಎಂದರು. ನಾನಂತೂ ನೆಲದ ಮೇಲಿರಲಿಲ್ಲ. ಸೋಸಿ ಮುಗಿಯುವ ಮೊದಲೇ ನಾನು ಮುನ್ನುಗ್ಗಿ, ಕೊಡದ ಬಾಯಿಂದ ಒದ್ದೆ ಬಟ್ಟೆಯನ್ನು ಎಳೆದು ಇವರ ಚೊಂಬಿನ ಮೇಲೆ ಹಾಕಿ, ಉಳಿದ ನೀರನ್ನು ಸುರಿದು, ಚೊಂಬನ್ನು ಕೈಗೆ ಕೊಟ್ಟೆ. ಇವರು ಕುಡಿದರು. ಮೀಸೆ ಒರೆಸಿಕೊಂಡು ನನ್ನ ಭುಜ ತಟ್ಟಿ, "ಇವ್ರು ಇರದಿದ್ರ ಈ ಊರಿನ ಕೆಲಸ ಆಗ್ತಿದ್ದಿಲ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಬಟ್ಟೆ ಮಡಿಸುವಾಗ ನೋಡಿದೆ. ಸೋಸುವ ಬಟ್ಟೆಯ ಒಂದೇ ಮಗ್ಗುಲು ಯಾವಾಗಲೂ ಮೇಲಿರಬೇಕು. ಅದರ ಗುರುತಿಗೆಂದೇ ಸಂಘದ ಬಟ್ಟೆಗಳ ಮೇಲುಮಗ್ಗುಲಿನ ಮೂಲೆಯಲ್ಲಿ ಕೆಂಪು ದಾರ ಹೊಲಿದಿರುತ್ತಿದ್ದರು. ಒದ್ದೆ ಬಟ್ಟೆಯನ್ನು ತಿರುಗಿಸಿ ಹಾಕಿದರೆ, ಮೊದಲು ತಡೆದ ಚಿಗಟಗಳೆಲ್ಲ ಕೆಳಗಿನ ಪಾತ್ರೆಗೆ ತೊಳೆದುಹೋಗುತ್ತವೆ. ನಾನು ಚೊಂಬಿನ ಮೇಲೆ ಹಾಕಿದಾಗ ಕೆಂಪು ದಾರ ಕೆಳಗಡೆ ಇತ್ತು.

ಹೇಳಬೇಕಿತ್ತು. ಅಷ್ಟು ಜನರ ಎದುರು ಅಷ್ಟು ಹೊಗಳಿದ ಮೇಲೆ ನಾಲಿಗೆ ಏಳಲಿಲ್ಲ. ಕುಡಿದಾಯಿತಲ್ಲ, ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಕಾಲೇಜಿಗೆ ಹೊರಟೆ. ಆ ವರ್ಷವಿಡೀ ಅವರ ಕಾರ್ಡು ಬಂದಾಗಲೆಲ್ಲ ಮೊದಲು ಕೊನೆಯ ಸಾಲು ಓದುತ್ತಿದ್ದೆ. "ಊರಿನ ಕೊಡ ಸೋಸಿದಾವ್ರಿ. ಅಜ್ಜಿ ಮಜ್ಜಿಗಿ ಕುಡುದು ದಪ್ಪ ಆಗ್ಯಾಳ್ರಿ." ಕಾಲಿನ ಸುದ್ದಿ ಇರುತ್ತಿರಲಿಲ್ಲ.

ಪರೀಕ್ಷೆ ಮುಗಿಸಿ, ಮುಂದಿನ ಕಾರಹುಣ್ಣಿಮೆಗೆ ಓಡೋಡಿ ಬಂದೆ. ಮುನಸೀಬರು ಮಾತಿನಂತೆ ಎಣಿಸಲು ಹೊರಟಿದ್ದರು. ನಾನೂ ಹಿಂದೆಯೇ ಹೋದೆ. ಒಂದು ಬೀದಿ ಆಯಿತು, ಇಲ್ಲ. ಎರಡನೆಯ ಬೀದಿ, ಇಲ್ಲ. ಆಚೆಯ ಕೇರಿ, ಅಲ್ಲೂ ಇಲ್ಲ! ಯುಗಾದಿಯ ಹೊತ್ತಿಗೆ ಬಂದು ಮಾಯ್ದುಹೋದ ಕಲೆಗಳಿದ್ದವು, ಅಷ್ಟೇ. ಊರೆಲ್ಲ ಸುತ್ತಿ ಮುನಸೀಬರ ಜಗಲಿಗೆ ಬಂದೆವು. ಆಗ ಗಾಡಿಯೊಂದು ಬಂತು. ಅದರಿಂದ ಅವರು ಇಳಿದರು, ಕೋಲೂರಿಕೊಂಡು. ಎಡಗಾಲಿಗೆ ಎಲೆ ಕಟ್ಟಿತ್ತು.

"ಒಂದು ಕಾಲು ಐತ್ರಿ" ಎಂದರು ಮುನಸೀಬರಿಗೆ. "ಹೋದ ಕಾರಹುಣ್ಣಿಮಿಗೆ ಇಲ್ಲೇ ಕುಡುದ ನೀರು. ಬಟ್ಟಿ ತಿರುಗಿ ಹಾಕಿಕೊಂಡಿದ್ದೆ. ನನ್ನ ತಪ್ಪು. ಮಾತು ಅಂದ್ರ ಮಾತು, ನಾನು ಸೋತೆ."

"ನಾನಂದಿದ್ದು ಊರೋರ ಕಾಲು ಕಣ್ರೀ" ಎಂದರು ಮುನಸೀಬರು ಗಾಬರಿಯಾಗಿ.

"ಇಲ್ರಿ. ಒಂದೇ ಒಂದು ಕಾಲು ಅಂದಿದ್ರಿ. ಚಾವಡ್ಯಾಗ ಎಲ್ಲಾರೂ ಕೇಳ್ಯಾರ."

ತನ್ನ ಮೇಲೆ ತಾನೇ ವಾದ ಮಾಡುವ ಇಂಥ ಮನುಷ್ಯನನ್ನು ನಾನು ಕಂಡಿರಲಿಲ್ಲ. ನನ್ನಿಂದ ತಡೆಯಲಾಗಲಿಲ್ಲ. "ಅವರಲ್ಲ! ಬಟ್ಟೆ ತಿರುಗಿಸಿ ಹಾಕಿದ್ದು ನಾನು. ಅವತ್ತೇ ನೋಡಿದ್ದೆ, ಹೇಳಲಿಲ್ಲ" ಎಂದು ಕೂಗಿದೆ. ಕೂಗುತ್ತಲೇ ಅತ್ತುಬಿಟ್ಟೆ.

ಬಾಗಿಲ ಮರೆಯಿಂದ ಮುನಸೀಬರ ಹೆಂಡತಿ ಹೊರಗೆ ಬಂದರು. "ನಮ್ಮನೆ ನೀರು ಕುಡ್ದು ಬಂದಿರೋ ನಾರು. ಅದು ನಮ್ಮನೇಲೇ ಹೋಗಬೇಕು. ಹೋಗೋಗಂಟ ಅಯ್ನೋರು ಈ ಜಗಲಿ ಬಿಟ್ಟು ಏಳಂಗಿಲ್ಲ. ಎಣಿಸಿದ್ದಾಯ್ತಲ್ಲ, ಎಲ್ಲಾರೂ ಎತ್ತಿಗೆ ಬಣ್ಣ ಹಚ್ಚೋಗ್ರಿ" ಎಂದರು. ಮುನಸೀಬರು ತಲೆಯಾಡಿಸಿದರು. ಅವರಿಗೂ ಬೇಕಾಗಿದ್ದದ್ದು ಅದೇ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಅಜ್ಜಿಯ ಖುಷಿ ಹೇಳತೀರದು. ಎಷ್ಟೋ ದಿನದ ಮೇಲೆ ಅವಳಿಗೊಂದು ಕಾಲು ಸಿಕ್ಕಿತ್ತು. ಆದರೆ ಕಡ್ಡಿಯನ್ನು ನನ್ನ ಕೈಗೇ ಕೊಟ್ಟಳು. "ನೀನು ಒಳಕ್ಕೆ ಬಿಟ್ಟಿದ್ದು, ನೀನೇ ಈಚಿಗೆ ತೆಗಿ. ಅವಸರ ಮಾಡಿದ್ಯೋ, ಕೈ ಮುರಿದೇನು" ಎಂದಳು. ದಿನಕ್ಕೆ ಒಂದೆರಡು ಸುತ್ತು. ಅವರು ನೋವನ್ನು ಹಲ್ಲುಕಚ್ಚಿ ನುಂಗಿ, ಮಾತಾಡುತ್ತಾ ಕೂರುತ್ತಿದ್ದರು.

ಮೂರನೆಯ ದಿನ ಹೇಳಿದರು: "ಅರ್ಧ ಚೊಂಬು ಕುಡುದ ಮ್ಯಾಲೆ ಬಟ್ಟಿ ನೋಡಿದ್ನಿರಿ."

"ಮತ್ತೆ ಚೆಲ್ಲಲಿಲ್ಲ ಯಾಕೆ ಸಾರ್?"

"ಆ ತಾಯಿ ಗಂಡನ ಎದುರು ನಿಂತು ಸೋಸಿದ ನೀರು. ಎಲ್ಲಾರ ಮುಂದ ಹೆಂಗ ಚೆಲ್ಲಲಿ? ಚೆಲ್ಲಿದ್ರ ನೀವೂ ಮತ್ತ ಈ ಕೆಲಸಕ್ಕ ಬರ್ತಿದ್ದಿಲ್ಲ." ಮತ್ತೆ, "ನೀವು ಒಂದು ಕಾರ್ಡು ಬರೀತೀರಿ ಅಂತ ವರ್ಷ ಕಾದೆ ನೋಡ್ರಿ" ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಾಗಿತ್ತು. ಆಮೇಲೆ ಜೀವನದಲ್ಲಿ ನಾನು ಎಷ್ಟೋ ತಪ್ಪು ಮಾಡಿದ್ದೇನೆ, ಆದರೆ ಮಾಡಿದ ದಿನವೇ ಬಾಯಿಬಿಟ್ಟು ಹೇಳಿದ್ದೇನೆ.

ಹನ್ನೆರಡನೆಯ ದಿನ ಬೆಳಗ್ಗೆ ಹುಳದ ಬಾಲ ಈಚೆ ಬಂತು. ತುಂಡಾಗದೆ, ಇಡಿಯಾಗಿ! ನಾನು ಕಡ್ಡಿ ಎತ್ತಿ ಹಿಡಿದೆ. ಅಜ್ಜಿ ಜಗಲಿಯಿಂದ ಇಳಿದು ಬೀದಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು, "ಲೇ, ಬರ್ರಲೇ! ಅಯ್ನೋರ ನಾರು ಬಂತು, ನೋಡ್ರಲೇ!" ಎಂದು ಕೂಗಿದಳು. ಯಾರೂ ಬರಲಿಲ್ಲ. ಇನ್ನೊಂದು ಸಲ ಕೂಗಿದಳು. ಒಂದು ನಾಯಿ ಬಂದು ನೋಡಿ ಹೋಯಿತು. ಹಿಂದಿನ ರಾತ್ರಿ ಹದವಾದ ಮಳೆ ಬಂದಿತ್ತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಜಗಲಿಯ ಮೇಲೂ ಒಬ್ಬರಿಲ್ಲ. ಮುನಸೀಬರು, ಅವರ ಹೆಂಡತಿ, ಕೇರಿಯವರು, ಮಕ್ಕಳು, ಎಲ್ಲರೂ ಬಿತ್ತಲು ಹೋಗಿದ್ದರು.

ಅವರು ಕೋಲನ್ನೂ ಹಿಡಿಯದೆ ಎದ್ದು ನಿಂತರು. ಖಾಲಿ ಬೀದಿಯನ್ನು ಆ ಕಡೆ ನೋಡಿದರು, ಈ ಕಡೆ ನೋಡಿದರು. ನನ್ನ ತೋಳನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಾ, "ಒಬ್ಬರೂ ಇಲ್ರೀ! ಅಲ್ಲಿ ನೋಡ್ರಿ, ಮನ್ಯಾಗ ಒಬ್ಬರೂ ಇಲ್ಲ!" ಎಂದರು.